ಎಲ್ಸವ್ವನ ಕಲ್ಲು

ನೂವರ್ಕ್

ಅಮೆರಿಕದ ನೂವರ್ಕ್ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ನನ್ನ ಪಾಸ್‌ಪೋರ್ಟ್ ತಿರುವಿ ಹಾಕಿ, ಯಾಕೆ ಬಂದಿರಿ ಎಂದು ಕೇಳಿದ. ಗೆಳತಿಯ ಮನೆಗೆ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿರಬೇಕು ಎಂದು ನಸೀಮ್ ಫೋನಿನಲ್ಲಿ ಮೂರು ಸಲ ಹೇಳಿಕೊಟ್ಟಿದ್ದಳು. ಆದರೆ ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಬಾಯಿ ಇದು, ಅರ್ಧ ಉತ್ತರ ಕೊಟ್ಟು ಸುಮ್ಮನಿರುವುದಿಲ್ಲ. "ಒಬ್ಬ ವಯಸ್ಸಾದ ಹೆಂಗಸನ್ನು ನೋಡಬೇಕು, ಅವರ ತಂಗಿಯ ಗೋರಿಯ ವಿಷಯ ಮಾತಾಡಬೇಕು" ಎಂದೆ. ಅವನು ತಲೆ ಎತ್ತಿದ. ಗೋರಿ ಎಲ್ಲಿದೆ ಎಂದ. ಇಂಡಿಯಾದಲ್ಲಿ ಎಂದೆ. ಹಾಗಾದರೆ ಇಲ್ಲಿಗೆ ಯಾಕೆ ಬಂದಿರಿ ಎಂದ.

ನ್ಯಾಯವಾದ ಪ್ರಶ್ನೆಯೇ. ನನ್ನನ್ನು ಪಕ್ಕದ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂರಿಸಿದರು. ಚೀಲದಲ್ಲಿದ್ದ ರಾಗಿ ಹಿಟ್ಟನ್ನು ಇನ್ನೊಬ್ಬ ಬಂದು ಮೂಸಿ ನೋಡಿ ಹೋದ. ಆ ಕೋಣೆಯಲ್ಲಿ ಕೂತು ನನಗೆ ನಾನೇ ಹೇಳಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ನನ್ನ ಅಪ್ಪ ಮಾದಯ್ಯ. ಮೈಸೂರು ಕಡೆಯ ಮಾದಾಪುರದಲ್ಲಿ ಇಂಗ್ಲಿಷರ ಕಾಲದ ಒಂದು ಗೋರಿ ಮೈದಾನವಿತ್ತು. ಅಪ್ಪ ಅದರ ಕಾವಲುಗಾರ. ಅದರೊಳಗೆ ಒಂದು ಸಣ್ಣ ಬಿಳಿ ಕಲ್ಲಿನ ಗೋರಿ. ಸ್ಕಾಟ್ಲೆಂಡಿನ ಕಿಲ್ಮೊರನ್ ಎಂಬ ಜಹಗೀರಿನ ದೊರೆಮನೆಯ ಮಗು ಎಲ್ಸ್‌ಪೆತ್‌ಳದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವಳ ಅಪ್ಪ ಬೆಂಗಳೂರಿನ ಪಲ್ಟನ್ನಿನಲ್ಲಿದ್ದನಂತೆ. ಊಟಿಗೆ ಹೋಗುವ ದಾರಿಯಲ್ಲಿ ಮಗುವಿಗೆ ಜ್ವರ ಬಂದು, ನಮ್ಮೂರಿನ ಪ್ರವಾಸಿ ಬಂಗಲೆಯಲ್ಲಿ ತೀರಿಕೊಂಡಿತು. ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಆ ಹೆಸರು ನಮ್ಮ ಜನರ ನಾಲಿಗೆಗೆ ಎಟುಕುವಂಥದ್ದಲ್ಲ. ಅಪ್ಪನಿಗೆ ಅವಳು ಎಲ್ಸವ್ವ.

ಎಲ್ಸವ್ವನ ತಾಯಿ ಸ್ಕಾಟ್ಲೆಂಡಿನಿಂದ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದರು. ಮಗಳು ಹೇಗಿದ್ದಾಳೆ ಎಂದು ಕೇಳುವಂತೆ ಗೋರಿ ಹೇಗಿದೆ ಎಂದು ಕೇಳುವರು. ಅಪ್ಪನಿಗೆ ಓದು ಬರಹವಿಲ್ಲ. ಪೋಸ್ಟ್ ಮಾಸ್ಟರರು ಉತ್ತರ ಬರೆದುಕೊಡುತ್ತಿದ್ದರು. ನಾನು ಎಂಟನೇ ಕ್ಲಾಸಿಗೆ ಬಂದ ಮೇಲೆ ಆ ಕೆಲಸ ನನಗೆ ಬಂತು. ಗೋರಿ ಚೆನ್ನಾಗಿದೆ, ಹೂವಿಟ್ಟಿದ್ದೇವೆ, ಸುತ್ತ ಹುಲ್ಲು ಕಿತ್ತಿದ್ದೇವೆ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ರಸ್ತೆ ಅಗಲ ಮಾಡಿದರು. ಮೈದಾನದ ಆ ಬದಿ ಪೂರ್ತಿ ಹೋಯಿತು. ಒಂಬತ್ತು ಗೋರಿ ಡಾಂಬರಿನ ಕೆಳಗೆ ಸೇರಿದವು. ಕಾಗದ ಬರೆದು ವಿಚಾರಿಸುವವರಿದ್ದದ್ದು ಒಂದಕ್ಕೆ ಮಾತ್ರ. ಯಂತ್ರ ಬರುವ ಮೊದಲು ಅಪ್ಪ ಯಾರದೋ ಎತ್ತಿನ ಗಾಡಿ ತಂದು ಎಲ್ಸವ್ವನ ಹೆಸರು ಕೆತ್ತಿದ್ದ ಕಲ್ಲನ್ನು ಮಾತ್ರ ಕಿತ್ತು ಮನೆಗೆ ತಂದ. ಆ ವರ್ಷದ ಕಾಗದ ಬಂದಾಗ, ನಡೆದದ್ದನ್ನು ಬರೆಯಲೇನಪ್ಪ ಎಂದು ಕೇಳಿದೆ.

"ಬ್ಯಾಡ ಕಣವ್ವ" ಎಂದ ಅಪ್ಪ. "ಆ ತಾಯಿ ಒಂದ್ಸಲ ಮಗೀನ ಮಣ್ಣು ಮಾಡವ್ಳೆ. ಇನ್ನೊಂದ್ಸಲ ನಮ್ಮ ಕೈಲಿ ಯಾಕೆ? ಚೆಂದಾಗೈತೆ ಅಂತ್ಲೇ ಬರಿ."

ಬರೆದೆ. ಅಪ್ಪ ಹೋದ ಮೇಲೂ ಬರೆದೆ. ಆ ತಾಯಿ ಹೋಗಿ, ಅವರ ಹಿರಿಯ ಮಗಳು ಲೇಡಿ ಐಲ್ಸಾ ನ್ಯೂಜೆರ್ಸಿಯಿಂದ ಬರೆಯಲು ತೊಡಗಿದ ಮೇಲೂ ಬರೆದೆ. ನಲವತ್ತು ವರ್ಷ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಎಂ.ಎ. ಮಾಡಿದ್ದು ಇತಿಹಾಸದಲ್ಲಿ, ಪಾಠ ಹೇಳುವುದೂ ಇತಿಹಾಸವನ್ನೇ.

ಹೋದ ವರ್ಷ ಲೇಡಿ ಐಲ್ಸಾ ಬರೆದರು: ನಮ್ಮ ಮನೆತನದ ಚರಿತ್ರೆಯನ್ನು ಬರೆದು ಮುಗಿಸುತ್ತಿದ್ದೇನೆ, ಮುಗಿಸಿ ಹೆಚ್ಚು ದಿನ ಇರುವುದಿಲ್ಲ, ನನ್ನ ಬೂದಿಯನ್ನು ಎಲ್ಸ್‌ಪೆತ್‌ಳ ಪಕ್ಕದಲ್ಲಿ ಹೂಳಬೇಕು, ಎರಡಡಿ ಜಾಗ ಗುರುತು ಮಾಡಿ ತಿಳಿಸಿ. ಕಾಗದದಲ್ಲಿ ಹೇಳಿದ ಸುಳ್ಳನ್ನು ಕಾಗದದಲ್ಲೇ ಮುಗಿಸಲು ಮನಸ್ಸು ಒಪ್ಪಲಿಲ್ಲ. ಬೇಸಿಗೆ ರಜೆಗೆ ಟಿಕೆಟ್ ಮಾಡಿಸಿದೆ.

ಮಾನ್ಮತ್ ಜಂಕ್ಷನ್

ನಸೀಮ್ ಮೈಸೂರಿನ ಮಂಡಿ ಮೊಹಲ್ಲಾದವಳು. ಹಾಸ್ಟೆಲಿನಲ್ಲಿ ನನ್ನ ಜೊತೆ ಕೋಣೆ ಹಂಚಿಕೊಂಡವಳು. ಈಗ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನಲ್ಲಿ ಮನೆ, ಔಷಧಿ ಕಂಪನಿಯೊಂದರಲ್ಲಿ ದೊಡ್ಡ ಕೆಲಸ. ಗಂಡ ಕೆಲಸದ ಮೇಲೆ ಟೆಕ್ಸಸ್‌ಗೆ ಹೋಗಿದ್ದರು. ಮನೆಯಲ್ಲಿ ಅವಳು, ಮತ್ತೆ ಹದಿನಾರು ವರ್ಷದ ಮಗಳು ಸಾರಾ.

"ಸೀಟ್ ಬೆಲ್ಟ್ ಹಾಕ್ಕೊಳೇ ಮಾದೇವಿ" ಎಂದಳು ಕಾರು ಹತ್ತಿದ ಕೂಡಲೇ. "ಇಮಿಗ್ರೇಷನ್‌ನಲ್ಲಿ ಹೋಗಿ ಗೋರಿ ಗೀರಿ ಅಂತೀಯಲ್ಲ, ನಿಂಗೆ ಬುದ್ಧಿ ಇದೆಯಾ? ಸದ್ಯ, ವಾಪಸ್ ಫ್ಲೈಟ್ ಹತ್ತಿಸಲಿಲ್ಲ."

"ಸುಳ್ಳು ಹೇಳೋಕಾಗಲಿಲ್ಲ."

"ಆಹಾ. ನಲವತ್ತು ವರ್ಷ ಪೋಸ್ಟಲ್ಲಿ ಕಳಿಸಿದ್ದು ಏನೇ ಮತ್ತೆ?"

ಹೀಗೆ ಮುಖಕ್ಕೆ ಹೊಡೆದಂತೆ ಹೇಳುವವರು ನನಗೆ ಅವಳೊಬ್ಬಳೇ. ಅದಕ್ಕೇ ಅವಳ ಮನೆಗೆ ಬಂದದ್ದು.

ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಊರಿನ ಅಭ್ಯಾಸದಂತೆ ಸೀರೆ, ಸ್ವೆಟರ್, ಶೂಸು ಹಾಕಿಕೊಂಡು ನಡೆಯಲು ಹೊರಟೆ. ಈ ಊರಿನಲ್ಲಿ ನಡೆಯುವವರಿಲ್ಲ. ನಾಯಿ ಇದ್ದವರು ನಾಯಿಗಾಗಿ ನಡೆಯುತ್ತಾರೆ. ಮನೆಗಳೆಲ್ಲ ಒಂದೇ ಅಚ್ಚಿನವು, ಮುಂದೆ ಕಾಂಪೌಂಡಿಲ್ಲ, ಗೇಟಿಲ್ಲ, ರಂಗೋಲಿ ಇಲ್ಲ. ಹತ್ತು ನಿಮಿಷಕ್ಕೆ ದಾರಿ ತಪ್ಪಿತು. ನಸೀಮಳ ಮನೆ ಎಂದುಕೊಂಡು ಬೇರೆ ಯಾರದೋ ಮನೆಯ ಬಾಗಿಲು ತಳ್ಳುತ್ತಿದ್ದೆ. ಒಳಗಿನಿಂದ ಬಂದ ಬಿಳಿ ಹೆಂಗಸು ಬೈಯಲಿಲ್ಲ. ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ, ನೀವು ಯಾರ ಅಮ್ಮ ಎಂದು ಕೇಳಿದಳು. ಬೆಳಗಿನ ಹೊತ್ತು ಸೀರೆಯಲ್ಲಿ ದಾರಿ ತಪ್ಪಿದ ಹೆಂಗಸರನ್ನು ಅವಳು ಮೊದಲೂ ನೋಡಿದ್ದಳೆಂದು ಕಾಣುತ್ತದೆ.

ಲೇಡಿ ಐಲ್ಸಾ ಅವರ ಕೋಣೆ

ಪ್ರಿನ್ಸ್‌ಟನ್ ದಾಟಿ ಸ್ವಲ್ಪ ದೂರದಲ್ಲಿ ವಯಸ್ಸಾದವರು ಇರುವ ಮನೆ. ನಸೀಮ್ ಶನಿವಾರ ಬೆಳಿಗ್ಗೆ ಬಿಟ್ಟುಹೋದಳು. ನನ್ನ ಕಲ್ಪನೆಯಲ್ಲಿ ದೊರೆಮನೆಯ ಹೆಂಗಸು ಎಂದರೆ ಉದ್ದದ ಮೆಟ್ಟಿಲು, ಗೋಡೆಯ ಮೇಲೆ ಜಿಂಕೆಯ ಕೊಂಬು. ಇಲ್ಲಿ ಇದ್ದದ್ದು ಒಂದು ಕೋಣೆ, ಒಂದು ಮಂಚ, ಒಂದು ಕಿಟಕಿ, ಕಿಟಕಿಯ ಆಚೆ ಕಾರು ನಿಲ್ಲಿಸುವ ಜಾಗ. ಅವರನ್ನು ನೋಡಿಕೊಳ್ಳುವ ಗ್ರೇಸ್, ಘಾನಾ ದೇಶದವಳು, ಅವರನ್ನು ಮಿಸ್ ಲೇಡಿ ಎಂದು ಕರೆಯುತ್ತಿದ್ದಳು. ಲೇಡಿ ಎನ್ನುವುದೇ ಹೆಸರು ಎಂದುಕೊಂಡಿದ್ದಾಳೆ, ತಿದ್ದಲು ನನಗೆ ಮನಸ್ಸಿಲ್ಲ ಎಂದರು ಲೇಡಿ ಐಲ್ಸಾ.

ಎಂಬತ್ತೆಂಟು ವರ್ಷ. ಬೆನ್ನು ನೆಟ್ಟಗಿದೆ. ಕೈ ನಡುಗುತ್ತದೆ. ಆದರೂ ಟೀಯನ್ನು ತಾವೇ ಸುರಿದುಕೊಡಬೇಕು, ಗ್ರೇಸ್ ಮುಟ್ಟುವ ಹಾಗಿಲ್ಲ. ತಟ್ಟೆಗೆ ಚೆಲ್ಲಿದ್ದನ್ನು ನಾನು ನೋಡಿಲ್ಲ ಎನ್ನುವಂತೆ ಕೂತೆ.

ಮಂಚದ ಪಕ್ಕ ಚೌಕಟ್ಟಿನಲ್ಲಿ ಒಂದು ಫೋಟೋ. ಹಿಂದೊಮ್ಮೆ ಅವರು ಗೋರಿಯ ಫೋಟೋ ಕೇಳಿದ್ದರು. ಆಗ ನಾನು ಹಿತ್ತಲಿನ ಹೊಂಗೆ ಮರದ ಕೆಳಗೆ ಕಲ್ಲು ನಿಲ್ಲಿಸಿ, ಒಣಹಾಕಿದ್ದ ಬಟ್ಟೆಗಳನ್ನು ಎತ್ತಿಟ್ಟು, ಸೇವಂತಿಗೆ ಹೂ ಹಾಕಿ, ಸ್ಟುಡಿಯೋದವನನ್ನು ಕರೆಸಿ ತೆಗೆಸಿದ ಫೋಟೋ ಅದು.

"ನೋಡಿ, ಮೂಲೆಯಲ್ಲಿ ಒಂದು ಕೋಳಿ ಇದೆ" ಎಂದರು. "ಗೋರಿಗಳ ನಡುವೆ ಕೋಳಿ ಓಡಾಡುತ್ತದೆ ಎಂದರೆ ಅದು ಒಳ್ಳೆಯ ಊರೇ ಇರಬೇಕು ಎಂದುಕೊಂಡಿದ್ದೇನೆ."

ಅದು ನಮ್ಮ ಮನೆಯ ಹೇಂಟೆ.

ಆಮೇಲೆ ಮನೆತನದ ಚರಿತ್ರೆ ತೆಗೆದರು. ಟೈಪು ಮಾಡಿದ ಹಾಳೆಗಳು, ಒಂದು ಪೆಟ್ಟಿಗೆ ತುಂಬ. ನಾಲ್ಕೈದು ನೂರು ವರ್ಷದ ದೊರೆಗಳು. ಒಬ್ಬ ರಾಜನ ಪರ ನಿಂತು ತಲೆ ಕೊಟ್ಟವನು, ಇನ್ನೊಬ್ಬ ರಾಜನ ಪರ ನಿಂತು ಜಮೀನು ಪಡೆದವನು, ಜೂಜಿನಲ್ಲಿ ಒಂದು ಹಳ್ಳಿಯನ್ನೇ ಸೋತವನು. ಕೊನೆಗೆ ಕೋಟೆಯ ಸೂರು ಸೋರಿ, ದುರಸ್ತಿ ಮಾಡಿಸಲಾಗದೆ ಮಾರಿದರು, ಅದು ಈಗ ಹೋಟೆಲು. ಲೇಡಿ ಐಲ್ಸಾ ಅಮೆರಿಕದ ಪ್ರೊಫೆಸರರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಮಕ್ಕಳಿಲ್ಲ. ಗಂಡ ತೀರಿಕೊಂಡಿದ್ದಾರೆ. ಆ ದಪ್ಪ ಕಟ್ಟು ಕೊನೆಗೊಳ್ಳುವುದು ಇಬ್ಬರು ಹೆಣ್ಣುಮಕ್ಕಳ ಹೆಸರಿನಲ್ಲಿ.

ಎಲ್ಸ್‌ಪೆತ್‌ಳ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಹುಟ್ಟಿದ ದಿನ, ಸತ್ತ ದಿನ. ಗೋರಿ ಮಾದಾಪುರದಲ್ಲಿದೆ, ಒಳ್ಳೆಯ ಸ್ಥಿತಿಯಲ್ಲಿದೆ ಎಂಬ ಒಂದು ವಾಕ್ಯ. ಕೆಳಗೆ ಅಡಿಟಿಪ್ಪಣಿ. ಅದರಲ್ಲಿ ನನ್ನ ಹೆಸರು, ನನ್ನ ಕಾಗದಗಳ ಕ್ರಮಸಂಖ್ಯೆ. ನಾನು ಮಕ್ಕಳಿಗೆ ಆಧಾರಗ್ರಂಥ ಎಂದರೇನು, ಅದನ್ನು ಯಾಕೆ ಅನುಮಾನಿಸಬೇಕು ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದವಳು.

"ನಿಮಗೆ ತಂಗಿಯ ನೆನಪಿದೆಯಾ?" ಎಂದು ಕೇಳಿದೆ, ಬೇರೆ ಏನನ್ನೋ ಹೇಳುವ ಬದಲು.

"ನಾನು ಅವಳನ್ನು ನೋಡೇ ಇಲ್ಲ. ನಾಲ್ಕು ವರ್ಷದವಳಿದ್ದಾಗ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಅಮ್ಮ ಇಂಡಿಯಾಕ್ಕೆ ಹೋದರು. ಅವಳು ಅಲ್ಲಿ ಹುಟ್ಟಿ ಅಲ್ಲೇ ಸತ್ತಳು. ಅಮ್ಮ ತಿರುಗಿ ಬಂದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನನ್ನು ದಾಟಿಕೊಂಡು ಒಳಗೆ ಹೋದರು." ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು. "ನನ್ನ ಹುಟ್ಟುಹಬ್ಬವನ್ನು ಎಷ್ಟೋ ವರ್ಷ ಮರೆತಿದ್ದಾರೆ. ನಿಮ್ಮ ತಂದೆಗೆ ಕಾಗದ ಬರೆಯುವುದನ್ನು ಒಂದು ವರ್ಷವೂ ಮರೆಯಲಿಲ್ಲ. ಅಮ್ಮನ ಮನಸ್ಸು ಎಲ್ಲಿತ್ತೋ ಅಲ್ಲಿಗೆ ಹೋಗಿ ಮಲಗಬೇಕು ಎಂದು ನನಗೆ ಆಸೆ. ಎರಡಡಿ ಜಾಗ ಸಿಗುತ್ತದೆಯಲ್ಲವೇ?"

ನಾನು ಹದಿನೈದು ಸಾವಿರ ಕಿಲೋಮೀಟರು ದಾಟಿ ಒಂದು ಮಾತು ಹೇಳಲು ಬಂದವಳು. ಬಾಯಿ ತೆರೆದೆ. ಸಿಗುತ್ತದೆ ಎಂದೆ.

ರಾಬಿನ್ಸ್‌ವಿಲ್

"ಸಿಗುತ್ತೆ ಅಂದ್ಯಾ?" ನಸೀಮ್ ಸೌಟು ಹಿಡಿದುಕೊಂಡೇ ತಿರುಗಿದಳು. "ಎಲ್ಲಿ ಸಿಗುತ್ತೆ, ಹೈವೇ ಮಧ್ಯದಲ್ಲಾ? ಡಿವೈಡರ್ ಮೇಲಾ?"

ಸಾರಾ ಫೋನಿನಿಂದ ತಲೆ ಎತ್ತಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅಮ್ಮ, ಆಂಟಿ ಅಳುತ್ತಿದ್ದಾರೆ ಎಂದು. ನನಗೇ ಗೊತ್ತಿರಲಿಲ್ಲ.

ಮರುದಿನ ನನ್ನ ಮನಸ್ಸು ಸ್ವಲ್ಪ ಬೇರೆ ಕಡೆ ಹೋಗಲಿ ಎಂದು ನಸೀಮ್ ರಾಬಿನ್ಸ್‌ವಿಲ್‌ನ ದೊಡ್ಡ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಅವಳ ಮನೆಗೆ ಇಂಡಿಯಾದಿಂದ ಯಾರು ಬಂದರೂ ಅವಳೇ ಅಲ್ಲಿಗೆ ಡ್ರೈವ್ ಮಾಡುವುದು. ನನ್ನಷ್ಟು ಸಲ ಈ ದೇವಸ್ಥಾನ ನೋಡಿದ ಮುಸ್ಲಿಂ ಹೆಂಗಸು ನ್ಯೂಜೆರ್ಸಿಯಲ್ಲೇ ಇಲ್ಲ ಎಂದು ನಕ್ಕಳು. ದಾರಿಯುದ್ದಕ್ಕೂ ಕಿಟಕಿಗಳಿಲ್ಲದ ಉಗ್ರಾಣಗಳು, ಒಂದೊಂದೂ ನಮ್ಮೂರಿನಷ್ಟು ಉದ್ದ. ಅವುಗಳ ನಡುವೆ ಒಮ್ಮೆಲೇ ಗೋಪುರಗಳು ಎದ್ದು ನಿಂತವು.

ಒಳಗೆ ಎಲ್ಲವೂ ಬಿಳಿ ಅಮೃತಶಿಲೆ. ನನಗೆ ಆ ಕಲ್ಲಿನ ತಣುಪು ಅಂಗೈಗೆ ಗೊತ್ತು. ಎಲ್ಸವ್ವನ ಕಲ್ಲು ಇನ್ನೂ ಗೋರಿ ಮೈದಾನದಲ್ಲಿದ್ದಾಗ, ಅದರ ಮೇಲೆ ಕೆತ್ತಿದ್ದ ಅಕ್ಷರಗಳ ಗುಂಡಿಯಲ್ಲಿ ಬೆರಳಿಟ್ಟು ತಿದ್ದಿ ತಿದ್ದಿ ನಾನು ಇಂಗ್ಲಿಷಿನ ದೊಡ್ಡ ಅಕ್ಷರ ಕಲಿತವಳು. ಮನೆಯ ಸ್ಲೇಟು ಬಿಟ್ಟರೆ ನನ್ನ ಕೈಗೆ ಸಿಗುತ್ತಿದ್ದ ಬರವಣಿಗೆ ಆ ಕಲ್ಲಿನ ಮೇಲಿನದು ಮಾತ್ರ. ಎಸ್ಸೆಸ್ಸೆಲ್ಸಿ ಪಾಸಾದೆ ಎಂದು ಕಾಗದದಲ್ಲಿ ಬರೆದಿದ್ದಕ್ಕೆ ಆ ತಾಯಿ ಸ್ಕಾಟ್ಲೆಂಡಿನಿಂದ ಒಂದು ಡಿಕ್ಷನರಿ ಕಳಿಸಿದ್ದರು. ಅವರಿಗೆ ಇನ್ನಷ್ಟು ಚೆನ್ನಾಗಿ ಸುಳ್ಳು ಬರೆಯಲು ನನಗೆ ಆ ಡಿಕ್ಷನರಿಯೇ ಒದಗಿತು. ಒಂದು ಕಂಬದ ಬುಡದಲ್ಲಿ ಕೂತುಬಿಟ್ಟೆ. ಸ್ವಯಂಸೇವಕರೊಬ್ಬರು ಬಂದು, ಅಮ್ಮ, ಕಂಬಕ್ಕೆ ಒರಗಬಾರದು ಎಂದು ಗುಜರಾತಿ ಬೆರೆತ ಹಿಂದಿಯಲ್ಲಿ ಹೇಳಿದರು. ಎದ್ದೆ.

"ಬುಧವಾರ ರಜಾ ಹಾಕ್ತೀನಿ" ಎಂದಳು ನಸೀಮ್, ಕಾರಿನಲ್ಲಿ. "ಬಿಟ್ಟು ಬರಲ್ಲ. ಹೊರಗಡೆ ಪಾರ್ಕಿಂಗ್‌ನಲ್ಲೇ ಕೂತಿರ್ತೀನಿ. ಹೇಳದೆ ಆಚೆ ಬಂದ್ರೆ ಕಾರು ಹತ್ತಿಸಲ್ಲ."

ಎರಡನೇ ಸಲ

ಟೀ ಸುರಿಯುವ ಮೊದಲೇ ಹೇಳಿದೆ. ಗೋರಿ ಇಲ್ಲ, ರಸ್ತೆ ಬಂತು, ಕಲ್ಲು ನಮ್ಮ ಹಿತ್ತಲಿನಲ್ಲಿದೆ, ಫೋಟೋ ತೆಗೆದದ್ದು ಅಲ್ಲೇ. ನಿಂತುಕೊಂಡೇ ಹೇಳಿದೆ, ತಪ್ಪು ಮಾಡಿದ ಮಕ್ಕಳು ನನ್ನ ಮೇಜಿನ ಮುಂದೆ ನಿಂತು ಹೇಳುವಂತೆ.

ಅವರು ಅಳಲಿಲ್ಲ, ಬೈಯಲಿಲ್ಲ. ಒಂದೊಂದೇ ಪ್ರಶ್ನೆ ಕೇಳಿದರು. ಯಾವ ವರ್ಷ. ಯಾವ ತಿಂಗಳು. ಎಲುಬುಗಳನ್ನು ಯಾರಾದರೂ ತೆಗೆದರೇ. ಇಲ್ಲ ಎಂದೆ. ನಿಮ್ಮ ತಂದೆ ಯಾವಾಗ ತೀರಿಕೊಂಡರು. ಹೇಳಿದೆ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ಕಾಣುತ್ತಿತ್ತು.

"ಅಂದರೆ ರಸ್ತೆ ಬಂದ ಮೇಲೂ ಹನ್ನೊಂದು ವರ್ಷ ನಿಮ್ಮ ತಂದೆ ಇದ್ದರು."

"ಹೌದು."

"ಆ ಹನ್ನೊಂದು ವರ್ಷದಲ್ಲಿ ನನ್ನ ಗಂಡ ಎರಡು ಸಲ ಇಂಡಿಯಾಕ್ಕೆ ಹೋಗೋಣ ಎಂದರು. ಅಮ್ಮನಿಗೆ ನಿಮ್ಮ ಕಾಗದ ಬರುತ್ತಿತ್ತು, ಎಲ್ಲ ಚೆನ್ನಾಗಿದೆ ಎಂದು. ಚೆನ್ನಾಗಿರುವುದನ್ನು ನೋಡಲು ಅವಸರವೇನು, ಮುಂದಿನ ವರ್ಷ ಹೋದರಾಯಿತು ಎಂದುಕೊಂಡೆ. ಕೆಟ್ಟಿದೆ ಎಂದು ಬರೆದಿದ್ದರೆ ಆ ವಾರವೇ ಹೊರಡುತ್ತಿದ್ದೆ. ನಿಮ್ಮ ತಂದೆ ಜಾಗ ತೋರಿಸುತ್ತಿದ್ದರು. ಡಾಂಬರಿನ ಮೇಲಾದರೂ ಒಂದು ಗಳಿಗೆ ನಿಂತು ಬರುತ್ತಿದ್ದೆ. ಈಗ ಆ ಜಾಗ ಯಾರಿಗೆ ಗೊತ್ತು? ನಿಮಗೆ ಗೊತ್ತೇ?"

ನನಗೆ ಗೊತ್ತಿರಲಿಲ್ಲ. ರಸ್ತೆಯನ್ನು ಮತ್ತೆರಡು ಸಲ ಅಗಲ ಮಾಡಿದ್ದಾರೆ. ಒಂದು ಸುಳ್ಳು ನೋವು ತಪ್ಪಿಸುತ್ತದೆ ಎಂದು ಅಪ್ಪ ನಂಬಿದ್ದ, ನಾನೂ ನಂಬಿದ್ದೆ. ಅದು ಒಬ್ಬರ ಪ್ರಯಾಣವನ್ನೇ ತಪ್ಪಿಸುತ್ತದೆ ಎಂದು ನನಗೆ ಈ ಐವತ್ತಾರನೆಯ ವಯಸ್ಸಿನವರೆಗೆ ಹೊಳೆದಿರಲಿಲ್ಲ.

"ಈಗ ನೀವು ಹೋಗಿ" ಎಂದರು. ಗ್ರೇಸ್ ಬಾಗಿಲು ತೆರೆದಳು.

ಫ್ಲೋರಲ್ ಪಾರ್ಕ್

ಹತ್ತು ದಿನ ಏನೂ ಸುದ್ದಿ ಇಲ್ಲ. ನಾನು ಕ್ಷಮೆ ಕೇಳಿ ಕಾಗದ ಬರೆದು ಹರಿದು ಹಾಕಿದೆ, ಎರಡು ಸಲ. ನನ್ನ ಕಾಗದಕ್ಕೆ ಇನ್ನು ಅವರ ಮುಂದೆ ಏನು ಬೆಲೆ?

ನಸೀಮಳ ಅಣ್ಣ ಫ್ಲೋರಲ್ ಪಾರ್ಕ್‌ನಲ್ಲಿರುತ್ತಾರೆ, ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಹಿಲ್‌ಸೈಡ್ ಅವೆನ್ಯೂದ ಇಂಡಿಯನ್ ಅಂಗಡಿಗಳ ಮುಂದೆ ನಡೆದೆವು. ಇಲ್ಲಿ ಜನ ನಡೆಯುತ್ತಾರೆ, ಚೌಕಾಸಿ ಮಾಡುತ್ತಾರೆ, ಒಬ್ಬರ ಮೈ ಒಬ್ಬರಿಗೆ ತಾಕುತ್ತದೆ. ಎರಡು ವಾರದ ಮೇಲೆ ನನಗೆ ಉಸಿರು ಬಂದಂತಾಯಿತು. ಒಂದು ಬಟ್ಟೆ ಅಂಗಡಿಯಲ್ಲಿ ಕಾಲು ತಾನಾಗಿ ನಿಂತಿತು. ಹಳದಿ ಬಣ್ಣದ ಪುಟ್ಟ ಫ್ರಾಕು. ಮೂರು ವರ್ಷದ ಮಗುವಿಗೆ ಆಗುತ್ತದೆಯೇ ಎಂದು ಕೇಳಿದೆ.

"ಯಾರಿಗೇ ಅದು?" ಎಂದಳು ನಸೀಮ್. "ನಿಮ್ಮನೇಲಿ ಚಿಕ್ಕ ಮಕ್ಕಳೆಲ್ಲಿವೆ?"

ಇಷ್ಟು ವರ್ಷದ ಗೆಳತಿಗೂ ನಾನು ಹೇಳಿರದ ಮಾತು ಅದು. ನಾಚಿಕೆಯಿಂದ ಅಲ್ಲ, ಮನೆಯ ವಿಷಯ, ಹೇಳುವಂಥದ್ದೇನಿದೆ ಎಂದು. ಮಾರ್ನಮಿ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರು ಬದುಕಿದ್ದಾಗ ತಿನ್ನುತ್ತಿದ್ದದ್ದನ್ನೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಕಲ್ಲು ಮನೆಗೆ ಬಂದ ವರ್ಷ ಅಪ್ಪ ಎಲೆಗಳನ್ನು ಹಾಸುತ್ತಾ, ಇನ್ನೊಂದು ಚಿಕ್ಕ ಎಲೆ ಹಾಕು ಎಂದ. ಅವ್ವ ಯಾರಿಗೆ ಎಂದು ಕೇಳಲಿಲ್ಲ. ಆ ವರ್ಷದಿಂದ ಎಲ್ಸವ್ವನಿಗೂ ಎಡೆ. ನಾನು ಸಂಬಳ ಎಣಿಸಲು ಶುರು ಮಾಡಿದ ಮೇಲೆ ಪ್ರತಿ ವರ್ಷ ಫ್ರಾಕು ತರುವುದು ನನ್ನ ಪಾಲಿನ ಕೆಲಸ. ಹಬ್ಬ ಕಳೆದ ಮೇಲೆ ಅದನ್ನು ಕೇರಿಯ ಯಾವುದಾದರೂ ಮಗುವಿಗೆ ಕೊಡುತ್ತೇವೆ.

ನಸೀಮ್ ಫ್ರಾಕನ್ನು ತಿರುಗಿಸಿ ಹೊಲಿಗೆ ನೋಡಿದಳು.

"ಇದನ್ನ ಆ ಯಮ್ಮನಿಗೆ ಹೇಳಿದ್ಯಾ?"

"ಇಲ್ಲ. ಸುಳ್ಳು ಹೇಳಿದ್ದನ್ನ ಹೇಳಿದ್ಮೇಲೆ ಇದನ್ನ ಹೇಳಿದ್ರೆ, ಪುಣ್ಯ ತೋರಿಸಿ ಕಾಸು ಕೇಳಿದ ಹಾಗೆ."

"ನಿಂದು ಯಾವಾಗಲೂ ಒಂದು ಧಿಮಾಕು ಕಣೇ" ಎಂದಳು. ಆದರೆ ದನಿ ಮೆತ್ತಗಿತ್ತು.

ಅಲ್ಲಿಂದ ಮನೆಗೆ ಬಂದಾಗ ಗ್ರೇಸ್ ಫೋನು ಮಾಡಿದ್ದಳೆಂದು ಸಾರಾ ಹೇಳಿದಳು. ಮಿಸ್ ಲೇಡಿ ನಾಳೆ ಹನ್ನೊಂದಕ್ಕೆ ಬರಹೇಳಿದ್ದಾರೆ.

ಹನ್ನೊಂದು ಗಂಟೆ

ಹತ್ತು ದಿನದಲ್ಲಿ ಅವರು ಸೊರಗಿದ್ದರು. ಮಂಚದ ಮೇಲೇ ದಿಂಬಿಗೆ ಒರಗಿದ್ದರು. ಫೋಟೋ ಪಕ್ಕದಲ್ಲಿರಲಿಲ್ಲ. ಎಲ್ಸ್‌ಪೆತ್‌ಳ ಹಾಳೆ ಮಾತ್ರ ಹೊದಿಕೆಯ ಮೇಲಿತ್ತು. ಗೋರಿಯ ವಾಕ್ಯಕ್ಕೆ ಗೆರೆ ಹೊಡೆದಿದ್ದರು, ಅಡಿಟಿಪ್ಪಣಿಗೂ.

ಮಾತು ನೇರವಾಗಿತ್ತು. "ನಾನು ಮಾದಾಪುರಕ್ಕೆ ಬರುವುದಿಲ್ಲ. ಇಲ್ಲೇ ಗಂಡನ ಪಕ್ಕದಲ್ಲಿ ಜಾಗವಿದೆ. ಕಲ್ಲನ್ನು ನನಗೆ ಕಳಿಸಿಕೊಡಿ. ಅದು ನಮ್ಮ ಮನೆಯದು. ನನ್ನ ವಕೀಲರು ಸಾಗಾಟದ ವ್ಯವಸ್ಥೆ ಮಾಡುತ್ತಾರೆ. ಅವಳಂತೂ ಸಿಗಲಿಲ್ಲ, ಅವಳ ಹೆಸರಾದರೂ ನನ್ನ ಹತ್ತಿರ ಇರಲಿ."

ಇಲ್ಲ ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಆದರೂ ಹೂಂ ಎನ್ನಲಾಗಲಿಲ್ಲ. ಅವ್ವನನ್ನು ಕೇಳಬೇಕು ಎಂದೆ.

"ನಿಮ್ಮ ತಾಯಿಯನ್ನು ಯಾಕೆ ಕೇಳಬೇಕು?"

ಆಗ ಹೇಳಬೇಕಾಯಿತು. ಎಲೆ, ಎಡೆ, ಫ್ರಾಕು, ಮುಚ್ಚಿದ ಬಾಗಿಲು. ಇಂಗ್ಲಿಷಿನಲ್ಲಿ ಹೇಳುವಾಗ ಅದೆಲ್ಲ ಹುಚ್ಚರ ಮಾತಿನಂತೆ ನನ್ನ ಕಿವಿಗೇ ಕೇಳಿಸಿತು. ಅವರು ತಡೆಯದೆ ಕೇಳಿದರು. ಕೊನೆಗೆ, ಈಗಲೇ ಫೋನು ಮಾಡಿ ಎಂದರು.

ನಮ್ಮೂರಿನಲ್ಲಿ ಆಗ ರಾತ್ರಿ ಊಟದ ಹೊತ್ತು. ಫೋನಿನ ದನಿ ಜೋರು ಮಾಡಿ ಹೊದಿಕೆಯ ಮೇಲಿಟ್ಟೆ. ಅವ್ವ ಎತ್ತಿಕೊಂಡ ಕೂಡಲೇ, "ಉಂಡ್ಯಾ?" ಎಂದಳು. ವಿಷಯ ಹೇಳಿದೆ. ಎಲ್ಸವ್ವನ ಅಕ್ಕ ಕಲ್ಲು ಕೇಳುತ್ತಿದ್ದಾರೆ, ಪಕ್ಕದಲ್ಲೇ ಇದ್ದಾರೆ ಎಂದೆ.

"ಕಲ್ಲು ಕಳ್ಸಾದು ಅಂದ್ರೆ ಮಗೀನೇ ಕಳ್ಸ್ದಂಗಲ್ವಾ?" ಎಂದಳು ಅವ್ವ. "ನಲ್ವತ್ತು ವರ್ಸ ಉಂಡ ಮನೆ. ಅಲ್ಲಿ ಯಾರು ಎಡೆ ಇಕ್ತಾರೆ?"

ಅವಳೇ ಮತ್ತೆ ಕೇಳಿದಳು.

"ಆಯಮ್ಮನ್ಗೆ ಮಕ್ಳವ್ರಾ?"

"ಇಲ್ಲವ್ವ."

"ಗಂಡ?"

"ತೀರ್ಕೊಂಡ್ರು."

"ಮತ್ಯಾರವ್ರೆ?"

"ಯಾರೂ ಇಲ್ಲ."

ಆ ಕಡೆ ಟಿ.ವಿ. ನಿಲ್ಲಿಸಿದ ಸದ್ದು ಕೇಳಿಸಿತು. ಲೇಡಿ ಐಲ್ಸಾ ಫೋನನ್ನೇ ನೋಡುತ್ತಿದ್ದರು, ಒಂದಕ್ಷರ ಅರ್ಥವಾಗದಿದ್ದರೂ.

"ಹಂಗಾರೆ ಕಳ್ಸವ್ವ" ಎಂದಳು ಅವ್ವ. "ಒಡಹುಟ್ಟಿದೋಳು. ನಾವು ಇಟ್ಕೋಬಾರ್ದು." ಆಮೇಲೆ, "ಒಂದು ಮಾತು ಹೇಳು ಆಯಮ್ಮನ್ಗೆ. ಮಗೀಗೆ ಖಾರ ಆಗಾಕಿಲ್ಲ. ಮೊದಲ್ನೇ ವರ್ಸ ನಂಗೆ ತಿಳೀದೆ ಎಲ್ಲರ್ಗೂ ಇಕ್ಕಿದ ಕೋಳಿ ಸಾರೇ ಇಕ್ಬುಟ್ಟಿದ್ದೆ. ಬಾಗ್ಲು ತಗ್ದು ನೋಡ್ತೀನಿ, ಅದರ ಎಲೆ ಮುಂದಿನ ನೀರ್ನ ಲೋಟ ಒಂದೇ ಮಗುಚ್ಕೊಂಡೈತೆ. ಬಾಯಿ ಉರ್ದು ನೀರಿಗೆ ತಡಕಾಡೈತೆ ಮಗು. ಮಾರ್ನೇ ವರ್ಸದಿಂದ ಹಾಲನ್ನ ಇಕ್ತೀನಿ. ಲೋಟ ಅಲ್ಲಾಡಿಲ್ಲ."

ಬೆಕ್ಕೋ ಇಲಿಯೋ ಇರಬೇಕು. ನಾನು ಓದಿದವಳು, ಹಾಗೆಂದು ಅಂದೇ ಹೇಳಿದ್ದೆ. ಅವ್ವ ಕಿವಿಗೆ ಹಾಕಿಕೊಂಡಿರಲಿಲ್ಲ.

ಫೋನಿಟ್ಟ ಮೇಲೆ ಲೇಡಿ ಐಲ್ಸಾ, ಏನೆಂದರು ಎಂದು ಕೇಳಿದರು. ಕಲ್ಲು ಕಳಿಸುತ್ತಾರೆ ಎಂದೆ. ಇಷ್ಟು ಹೊತ್ತು ಮಾತಾಡಿದ್ದು ಅಷ್ಟೇ ಅಲ್ಲವಲ್ಲ ಎಂದರು. ಉಳಿದದ್ದನ್ನೂ ಹೇಳಿದೆ. ಬೆಕ್ಕಿನ ಮಾತು ಹೇಳಲಿಲ್ಲ. ಸುಳ್ಳಿನ ಲೆಕ್ಕಕ್ಕೆ ಅದೂ ಸೇರುವುದಾದರೆ ಸೇರಲಿ.

ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ನಸೀಮಳ ಕಾರು ನಿಂತಿತ್ತು. ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿ, ಪೆನ್ನು ಕೊಟ್ಟರು. "ನನ್ನ ಕೈ ನಡುಗುತ್ತದೆ. ನೀವು ಬರೆಯಿರಿ. ಅವಳ ಬಗ್ಗೆ ಈ ಮನೆತನದಲ್ಲಿ ಯಾರಿಗೂ ಬೇರೆ ಏನೂ ಗೊತ್ತಿಲ್ಲ. ಅಮ್ಮ ನನಗೆ ಏನನ್ನೂ ಹೇಳಲಿಲ್ಲ."

ಎರಡು ತಾರೀಖುಗಳ ಕೆಳಗೆ, ಗೆರೆ ಹೊಡೆದ ವಾಕ್ಯವನ್ನು ದಾಟಿ, ನನ್ನ ಕೈಬರಹದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಖಾರ ತಿನ್ನಲಾಗುತ್ತಿರಲಿಲ್ಲ, ಹಾಲನ್ನ ಇಷ್ಟ. ಆಧಾರ ಎಂದು ಅವ್ವನ ಹೆಸರು ಹಾಕಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಖಾರ ನನಗೂ ಆಗುವುದಿಲ್ಲ" ಎಂದರು.